ಪರದೆಯ ಪಡಿಯಚ್ಚು

ಶಾಸನಗಳನ್ನು ಓದಿದ ನಮ್ಮ ಹಿರಿಯ ವಿದ್ವಾಂಸರು ಕಲ್ಲಿನ ಮುಂದೆ ನಿಂತು ಕಣ್ಣಿಗೆ ಕಂಡುದನ್ನು ಬರೆದುಕೊಂಡು ಬರುವುದರಲ್ಲಿಯೇ ತೃಪ್ತರಾಗಲಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಹೊಂದಿಸಿ, ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆದರು. ಕೈಬರಹದ ಪ್ರತಿಯಲ್ಲಿ ಬರೆದವನ ತಪ್ಪು ಸೇರಬಹುದು. ಪಡಿಯಚ್ಚನ್ನು ಬೇರೊಬ್ಬರು ಮತ್ತೆ ಓದಿ ಆ ತಪ್ಪನ್ನು ತಿದ್ದಬಹುದು. ಇಂದು ನಮ್ಮ ಓದು ಬಹುಮಟ್ಟಿಗೆ ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತಿದೆ. ಆ ಪರದೆಯ ಪಡಿಯಚ್ಚೇ ಸ್ಕ್ರೀನ್‌ಶಾಟ್. ಅದನ್ನು ತೆಗೆಯುವ ಬಗೆ ಯಾವುದು, ಅದು ಆಧಾರವಾಗಿ ನಿಲ್ಲುವುದು ಯಾವಾಗ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಮುರಗಾವ ಬಂದರಿನ ಮೇಲಣ ಗುಡ್ಡದಲ್ಲಿರುವ ಸಡಾದ ಕನ್ನಡ ಅಧ್ಯಾಪಕರೊಬ್ಬರು ಗೋವೆಯ ಕದಂಬರನ್ನು ಕುರಿತು ಬರೆಯಲು ತೊಡಗಿದರೆನ್ನೋಣ. ಗೋಪಕಪಟ್ಟಣದಿಂದ ಆಳಿದ ಈ ಅರಸರ ಕುರುಹುಗಳು ಗೋವೆಯಲ್ಲಿ ಮಾತ್ರವಲ್ಲ, ಘಟ್ಟದ ಮೇಲೆಯೂ ಇವೆ. ಕಿತ್ತೂರಿಗೆ ಸಮೀಪದ ದೇಗಾಂವದ ಕಮಲನಾರಾಯಣ ದೇವಾಲಯವು ಪೆರ್ಮಾಡಿಯ ರಾಣಿ ಕಮಲಾದೇವಿ ೧೨ನೆಯ ಶತಮಾನದಲ್ಲಿ ಕಟ್ಟಿಸಿದುದು. ಈ ವಂಶದ ಚರಿತ್ರೆಯನ್ನು ಫ್ಲೀಟ್ ಸಾಹೇಬರು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತಮ್ಮ ೧೮೮೨ರ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಇಂತಹ ಹಳೆಯ ಗ್ರಂಥಗಳ ಛಾಯಾಪ್ರತಿಗಳು ಇಂಟರ್‌ನೆಟ್ ಆರ್ಕೈವಿನಂತಹ ಭಂಡಾರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ಗಡಿನಾಡಿನವರಿಗೆ ಇದು ದೊಡ್ಡ ಉಪಕಾರ. ಆದರೆ ೨೦೨೪ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಯಿಂದಾಗಿ ಅದೇ ಭಂಡಾರವು ಕೆಲವು ದಿನ ಮುಚ್ಚಿದ್ದಿತು. ಇಂದು ಕಂಡ ಪುಟವು ನಾಳೆಯೂ ಕಂಡೀತೆಂಬ ಭರವಸೆ ಸಲ್ಲದು.

ಪಡಿಯಚ್ಚು ತೆಗೆಯಲು ಹಣ ಬೇಕಿಲ್ಲ. ವಿಂಡೋಸ್ ೧೦ ಮತ್ತು ೧೧ರಲ್ಲಿ ವಿಂಡೋಸ್, ಶಿಫ್ಟ್, ಎಸ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಬೇಕಾದ ಭಾಗವನ್ನು ಮೌಸಿನಿಂದ ಗುರುತಿಸಬಹುದು. ವಿಂಡೋಸ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒತ್ತಿದರೆ ಇಡೀ ಪರದೆಯ ಚಿತ್ರವು ತಾನಾಗಿ ಕಡತದಲ್ಲಿ ಸೇರುತ್ತದೆ. ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕೆಂಬವರಿಗೆ ಗ್ರೀನ್‌ಶಾಟ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯು ಗುರುತಿಸಿದ ಭಾಗವನ್ನೂ, ಕಂಟ್ರೋಲ್ ಸೇರಿಸಿದರೆ ಪೂರ್ಣ ಪರದೆಯನ್ನೂ ಹಿಡಿಯುತ್ತದೆ. ಅನಂತರ ಚಿತ್ರದ ಮೇಲೆ ಬಾಣದ ಗುರುತು ಹಾಕಿ, ಟಿಪ್ಪಣಿಯನ್ನೂ ಬರೆಯಬಹುದು.

ಸಂಶೋಧಕನು ಪ್ರತಿಯೊಂದು ಆಧಾರಕ್ಕೂ ಎರಡು ಚಿತ್ರಗಳನ್ನು ತೆಗೆಯುವುದು ಲೇಸು. ಮೊದಲನೆಯದು ಪೂರ್ಣ ಪರದೆಯದು; ಅದರಲ್ಲಿ ತಾಣದ ವಿಳಾಸವೂ, ಮೂಲೆಯಲ್ಲಿನ ತಾರೀಖು ವೇಳೆಗಳೂ, ಗ್ರಂಥದ ಪುಟಸಂಖ್ಯೆಯೂ ಕಾಣಬೇಕು. ಎರಡನೆಯದು ಬೇಕಾದ ಸಾಲುಗಳದ್ದು ಮಾತ್ರ. ಊರು, ಕಾಲಗಳನ್ನು ಬರೆದಿಡದ ಪಡಿಯಚ್ಚು ಯಾವ ಕಲ್ಲಿನದೆಂದು ತಿಳಿಯದೆ ಹೇಗೆ ವ್ಯರ್ಥವೋ, ವಿಳಾಸವಿಲ್ಲದ ತುಣುಕು ಚಿತ್ರವೂ ಹಾಗೆಯೇ.

ಅಕ್ಷರಗಳ ಸ್ಪಷ್ಟತೆಯೂ ಮುಖ್ಯ. ಪರದೆಯಲ್ಲಿ ಎಷ್ಟು ಚುಕ್ಕಿಗಳಿವೆಯೋ ಚಿತ್ರದಲ್ಲಿಯೂ ಅಷ್ಟೇ ಇರುತ್ತವೆ. ಆದುದರಿಂದ ಮೊದಲು ಪುಟವನ್ನು ಹಿಗ್ಗಿಸಿಕೊಂಡು, ಬಳಿಕ ಭಾಗಭಾಗವಾಗಿ ಹಿಡಿಯಬೇಕು. ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸುವುದು ಮೇಲು. ಜೆಪೆಗ್ ರೂಪವು ಗಾತ್ರವನ್ನು ಕುಗ್ಗಿಸಲು ವಿವರಗಳನ್ನು ಬಿಟ್ಟುಬಿಡುತ್ತದೆ; ಅಕ್ಷರಗಳ ಅಂಚು ಮಸುಕಾಗಿ, ನಮ್ಮ ಒತ್ತಕ್ಷರಗಳೂ ದೀರ್ಘದ ಗುರುತುಗಳೂ ಕಲಸಿಹೋಗುವುದುಂಟು.

ಕನ್ನಡಿಗರಿಗೆ ಇನ್ನೊಂದು ವಿಶೇಷ ಪ್ರಯೋಜನವಿದೆ. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಪತ್ರವು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತದೆ. ಸರಿಯಾಗಿ ಕಾಣುವ ಯಂತ್ರದಲ್ಲಿ ಚಿತ್ರ ತೆಗೆದು ಕಳುಹಿಸಿದರೆ ಎಲ್ಲಿಯೂ ಓದಬಹುದು. ಆದರೆ ಚಿತ್ರದೊಳಗಿನ ಮಾತನ್ನು ಯಂತ್ರವು ಸಾಮಾನ್ಯವಾಗಿ ನೇರವಾಗಿ ಪದವಾಗಿ ಹುಡುಕಲಾರದು. ಆದುದರಿಂದ ಮೂಲ ಕಡತವನ್ನೂ ಉಳಿಸಿಕೊಳ್ಳತಕ್ಕದ್ದು.

ಎರಡು ಎಚ್ಚರಿಕೆಗಳು ಅವಶ್ಯ. ಶಾಲೆಯ ಪಟ್ಟಿಗಳ ಚಿತ್ರವನ್ನು ಇತರರಿಗೆ ಕಳುಹಿಸುವಾಗ ಮಕ್ಕಳ ಹೆಸರು, ಅಂಕಗಳನ್ನು ಮಸುಕುಗೊಳಿಸಿದರೆ ಸಾಲದು. ಪೂರ್ಣ ಕಪ್ಪು ಬಣ್ಣದಿಂದ ಮುಚ್ಚಬೇಕು. ಇನ್ನು, ಚಿತ್ರವನ್ನು ತಿದ್ದುವುದು ಸುಲಭವಾದುದರಿಂದ ಅದೊಂದೇ ಪ್ರಮಾಣವಾಗದು. ಬಾಣ ಬರೆದ ಪ್ರತಿಯ ಜೊತೆಗೆ, ಏನನ್ನೂ ಬರೆಯದ ಮೊದಲ ಪ್ರತಿಯನ್ನು ಬೇರೆಯಾಗಿ ಕಾಯ್ದಿಡಬೇಕು.

ಗಡಿಯ ಆಚೆ ಈಚೆ ಚದುರಿರುವ ನಮ್ಮ ಚರಿತ್ರೆಯನ್ನು ಕೂಡಿಸುವ ಕೆಲಸ ಒಬ್ಬರಿಂದ ಆಗುವಂಥದಲ್ಲ. ಸಡಾದಲ್ಲಿ ಒಬ್ಬರು ಓದಿದುದನ್ನು ಬೆಳಗಾವಿಯಲ್ಲಿಯೋ ಕಾಸರಗೋಡಿನಲ್ಲಿಯೋ ಇನ್ನೊಬ್ಬರು ಪರೀಕ್ಷಿಸಿ ನೋಡುವಂತಿರಬೇಕು. ವಿಳಾಸ, ತಾರೀಖುಗಳೊಡನೆ ಕಾದಿರಿಸಿದ ಒಂದು ಚಿತ್ರವು ಆ ಅವಕಾಶವನ್ನು ಕಲ್ಪಿಸುತ್ತದೆ. ಅಧ್ಯಾಪಕ ಬಂಧುಗಳು ಇದನ್ನು ತಾವೂ ರೂಢಿಸಿಕೊಂಡು, ತಮ್ಮ ವಿದ್ಯಾರ್ಥಿಗಳಿಗೂ ಕಲಿಸುವರೆಂದು ಆಶಿಸುತ್ತೇನೆ.