ಏಳು ಲೀಟರ್ ಎಂಜಿನ್, ಎದುರಿಗೆ ಗಾಳಿ

ಕೋಬ್ರಾ ಕಾರಿನ ರೆಪ್ಲಿಕಾ ಎಲ್ಲಿ ನಿಂತರೂ ಸುತ್ತ ಜನ ಸೇರುತ್ತಾರೆ, ಸೇರಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಓಡುತ್ತೆ?’ ಉಬ್ಬಿದ ಚಕ್ರದ ಕಮಾನು, ಬಾಗಿಲ ಕೆಳಗೆ ಉದ್ದಕ್ಕೆ ಹಾಯ್ದ ಸೈಲೆನ್ಸರ್ ಕೊಳವೆ, ಎದೆಗೆ ಬಡಿಯುವ ಸದ್ದು. ಇವನ್ನೆಲ್ಲ ನೋಡಿದ ಮೇಲೆ ಯಾರಾದರೂ ಗಂಟೆಗೆ 300 ಕಿಲೋಮೀಟರ್ ಎಂದರೆ ನಂಬದಿರುವುದು ಕಷ್ಟ. ನಂಬಬೇಡಿ ಎನ್ನುವುದಕ್ಕೆ ನನ್ನ ಹತ್ತಿರ ಗಟ್ಟಿ ಕಾರಣಗಳಿವೆ. ಅವೆಲ್ಲ ಕಾರಿನ ಬಾನೆಟ್ ಕೆಳಗಿಲ್ಲ.

ಮೊದಲು ಮೂಲದ ಕತೆ. ಇಂಗ್ಲೆಂಡಿನ ಎಸಿ ಕಂಪನಿಯ ಹಗುರ ಕಾರೊಂದರೊಳಗೆ ಅಮೆರಿಕದ ಫೋರ್ಡ್ ವಿ8 ಎಂಜಿನ್ ಕೂರಿಸಿ 1962ರಲ್ಲಿ ಕೋಬ್ರಾ ಹುಟ್ಟಿಸಿದವರು ಟೆಕ್ಸಾಸ್‌ನ ರೇಸ್ ಚಾಲಕ ಕ್ಯಾರಲ್ ಶೆಲ್ಬಿ. 1965ರಲ್ಲಿ ಏಳು ಲೀಟರಿನ ‘427’ ಬಂತು. ಎಲ್ಲ ಬಗೆಯವೂ ಸೇರಿ ತಯಾರಾದದ್ದು ಸಾವಿರದ ಆಸುಪಾಸು. ಈಗ ಒಂದೊಂದಕ್ಕೂ ಕೋಟಿಗಟ್ಟಲೆ ಬೆಲೆ. ಹಾಗಾಗಿಯೇ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಫೈಬರ್‌ಗ್ಲಾಸ್ ಮೈ ಹೊದಿಸಿದ ರೆಪ್ಲಿಕಾಗಳು ಅಸಲಿಗಿಂತ ಎಷ್ಟೋ ಪಾಲು ಹೆಚ್ಚು. ಮಸ್ಟ್ಯಾಂಗ್ ಕಾರಿನ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಬಿಚ್ಚಿ ತಂದು ಮನೆಯ ಶೆಡ್‌ನಲ್ಲೇ ಜೋಡಿಸಿಕೊಳ್ಳುವವರಿಗಾಗಿ ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ಕಂಪನಿ 1995ರಿಂದ ಇಂಥ ಕಿಟ್‌ಗಳನ್ನು ಮಾರುತ್ತಿದೆ.

ಎಲ್ಲಕ್ಕಿಂತ ಬೇರುಬಿಟ್ಟ ತಪ್ಪು ಕಲ್ಪನೆ ಎಂದರೆ ಅಶ್ವಶಕ್ತಿ ಏರಿದಂತೆ ವೇಗವೂ ಅದೇ ಲೆಕ್ಕದಲ್ಲಿ ಏರುತ್ತದೆ ಎಂಬುದು. ಗಾಳಿ ಹಾಗೆ ಬಿಟ್ಟುಕೊಡುವುದಿಲ್ಲ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಅಷ್ಟೇ ಬೇಗ ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಕೋಬ್ರಾ ನೋಡಲು ನಯವಾಗಿದ್ದರೂ ಗಾಳಿಯ ಪಾಲಿಗೆ ನೆಟ್ಟಗೆ ನಿಂತ ಗಾಜು, ತೆರೆದ ಬಾಯಿಯಂಥ ಗ್ರಿಲ್, ಮುಚ್ಚಳವಿಲ್ಲದ ಕುಣಿ. ಒಂದು ಅಂದಾಜು ಹಾಕೋಣ. ಎದುರಿನಿಂದ ಕಾಣುವ ವಿಸ್ತೀರ್ಣ 1.7 ಚದರ ಮೀಟರ್, ಗಾಳಿತಡೆಯ ಗುಣಾಂಕ 0.5 (ಇಂದಿನ ಸಾಮಾನ್ಯ ಸೆಡಾನ್‌ಗಳಲ್ಲಿ ಇದು 0.3ರ ಸುತ್ತಮುತ್ತ), ತೂಕ 1,100 ಕಿಲೋ, ಗೇರ್‌ನಿಂದ ಚಕ್ರ ಮುಟ್ಟುವಷ್ಟರಲ್ಲಿ ಸೋರಿಹೋಗುವ ಶಕ್ತಿ ಶೇಕಡ 15 ಎಂದಿಟ್ಟುಕೊಳ್ಳಿ. ಗಂಟೆಗೆ 200 ಕಿ.ಮೀ. ಮುಟ್ಟಲು ಎಂಜಿನ್ 150 ಅಶ್ವಶಕ್ತಿ ಕೊಟ್ಟರೆ ಸಾಕು. 250ಕ್ಕೆ ಹತ್ತಿರ ಹತ್ತಿರ 290 ಬೇಕು. 300 ಮುಟ್ಟಬೇಕೆಂದರೆ 485! ಮೊದಲ 200 ಕಿಲೋಮೀಟರಿಗೆ 150 ಕುದುರೆ ಸಾಕಾದರೆ, ಕೊನೆಯ 50 ಕಿಲೋಮೀಟರಿಗೇ ಹೆಚ್ಚುಕಡಿಮೆ 200 ಕುದುರೆ ಬೇಕು. ಹಳೆಯ ಐದು ಲೀಟರ್ ಮಸ್ಟ್ಯಾಂಗ್ ಎಂಜಿನ್ ಕೊಡುತ್ತಿದ್ದದ್ದು 225 ಅಶ್ವಶಕ್ತಿ. ಅದನ್ನು ಹೊತ್ತ ರೆಪ್ಲಿಕಾ ಈ ಲೆಕ್ಕದಲ್ಲಿ 230ರ ಹತ್ತಿರ ನಿಲ್ಲುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. 1949ರ ಮೇ 30ರಂದು ಬೆಲ್ಜಿಯಂನ ಯಾಬೆಕೆ ಹೆದ್ದಾರಿಯಲ್ಲಿ ಜಾಗ್ವಾರ್ ಕಂಪನಿ ತನ್ನ ಎಕ್ಸ್‌ಕೆ120 ಕಾರನ್ನು ಪತ್ರಕರ್ತರ ಎದುರು ಓಡಿಸಿತು. ಮಾಡು ಮತ್ತು ಪಕ್ಕದ ಪರದೆ ಏರಿಸಿ ಓಡಿಸಿದಾಗ ಸುಮಾರು 203 ಕಿ.ಮೀ. ಬಂತು. ಎದುರಿನ ಗಾಜು ಕಿತ್ತು, ಚಾಲಕನ ಮುಖದ ಮುಂದೆ ಮಾತ್ರ ಪುಟ್ಟ ಗಾಜೊಂದನ್ನು ಉಳಿಸಿದಾಗ 213. ಎಂಜಿನ್ ಅದೇ, ಚಾಲಕನೂ ಅವನೇ.

ಕೋಬ್ರಾದ್ದೇ ಕತೆ ಇನ್ನೂ ಚೆನ್ನಾಗಿದೆ. ಫ್ರಾನ್ಸಿನ ಲ ಮಾನ್ ರೇಸಿನ ಉದ್ದನೆಯ ನೇರ ದಾರಿಯಲ್ಲಿ ತೆರೆದ ಕೋಬ್ರಾ 255ರ ಸಮೀಪ ಬಂದು ಏದುಸಿರು ಬಿಡುತ್ತಿತ್ತು. ಫೆರಾರಿ ಜಿಟಿಒ ಸಲೀಸಾಗಿ ದಾಟಿಹೋಗುತ್ತಿತ್ತು. ಶೆಲ್ಬಿಯ ತಂಡದಲ್ಲಿದ್ದ ಪೀಟರ್ ಬ್ರಾಕ್ ಎಂಬ ತರುಣ ಎಂಜಿನ್ ತಂಟೆಗೆ ಹೋಗದೆ ಮೈ ಬದಲಿಸಿದ. ಬಾಲ ಕತ್ತರಿಸಿದಂಥ ಹಿಂಭಾಗದ, ಮುಚ್ಚಿದ ಡೇಟೋನಾ ಕೂಪೆ ಬಂತು. 4.7 ಲೀಟರಿನ ಅದೇ ಎಂಜಿನ್ನಿನಿಂದ ಅದು 300ರ ಆಸುಪಾಸು ಓಡಿತು, 1964ರ ಲ ಮಾನ್‌ನಲ್ಲಿ ಒಟ್ಟಾರೆ ನಾಲ್ಕನೆಯದಾಗಿ ಬಂದು ತನ್ನ ವರ್ಗದಲ್ಲಿ ಫೆರಾರಿಯನ್ನು ಸೋಲಿಸಿತು. ತಯಾರಾದದ್ದು ಆರೇ ಕಾರು. ಇವತ್ತು ತೆರೆದ ಕೋಬ್ರಾ ರೆಪ್ಲಿಕಾದ ಬಗ್ಗೆ ಕೇಳಿಬರುವ ‘ಮುನ್ನೂರು’ ಎಷ್ಟೋ ಸಲ ಈ ಮುಚ್ಚಿದ ಕಾರಿನಿಂದ ಎರವಲು ಬಂದ ಸಂಖ್ಯೆ ಎಂದೇ ನನ್ನ ಭಾವನೆ.

ಇನ್ನೊಂದು ದಂತಕತೆಯೂ ಇದರ ಜೊತೆಗೆ ಅಂಟಿಕೊಂಡಿದೆ. 1964ರ ಜೂನ್‌ನಲ್ಲಿ ಎಸಿ ಕಂಪನಿ ತನ್ನದೇ ಮುಚ್ಚಿದ ಕೋಬ್ರಾವನ್ನು ಬೆಳಗಿನ ಜಾವ ಇಂಗ್ಲೆಂಡಿನ ಎಂ1 ಹೆದ್ದಾರಿಯಲ್ಲಿ ಪರೀಕ್ಷಿಸಿತು. ಜಾಕ್ ಸಿಯರ್ಸ್ ಚಾಲಕ, ವೇಗ 185 ಮೈಲಿ, ಅಂದರೆ 298 ಕಿ.ಮೀ. ಆಗ ಅಲ್ಲಿ ವೇಗಮಿತಿಯೇ ಇರಲಿಲ್ಲ. ಆ ಓಟದಿಂದಲೇ ಬ್ರಿಟನ್ನಿನಲ್ಲಿ 70 ಮೈಲಿಯ ಮಿತಿ ಬಂತೆಂದು ಇಂದಿಗೂ ಹೇಳುತ್ತಾರೆ. ಮಿತಿ ಬಂದದ್ದು ಒಂದೂವರೆ ವರ್ಷದ ಬಳಿಕ, 1965ರ ಡಿಸೆಂಬರ್‌ನಲ್ಲಿ. ಆ ಚಳಿಗಾಲದ ಮಂಜಿನಲ್ಲಿ ಹೆದ್ದಾರಿಗಳಲ್ಲಿ ಸಾಲುಸಾಲಾಗಿ ನಡೆದ ಅಪಘಾತಗಳ ಹಿನ್ನೆಲೆಯಲ್ಲಿ.

‘ರೆಪ್ಲಿಕಾ ಅಂದರೆ ಬರೀ ತೋರಿಕೆ, ಅಸಲಿಯಷ್ಟು ಓಡಲ್ಲ’ ಎನ್ನುವವರೂ ಇದ್ದಾರೆ. ಅವರಿಗೆ ಪೋರ್ಶೆ 356 ಸ್ಪೀಡ್‌ಸ್ಟರ್ ಉತ್ತರ ಕೊಡುತ್ತದೆ. 1954ರ ಅಸಲಿ ಸ್ಪೀಡ್‌ಸ್ಟರ್‌ನ ಸಾಧಾರಣ ಎಂಜಿನ್ನಿಗೆ ಇದ್ದದ್ದು 55 ಅಶ್ವಶಕ್ತಿ. ಓಡುತ್ತಿದ್ದದ್ದು 160ರ ಸುತ್ತಮುತ್ತ. ಅದರ ರೆಪ್ಲಿಕಾಗಳು ಹೆಚ್ಚಾಗಿ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ನಿಲ್ಲುತ್ತವೆ. ಅದರಲ್ಲಿ ನಾಚಿಕೆಯ ಮಾತೇನೂ ಇಲ್ಲ, ಪೋರ್ಶೆ 356 ಕೂಡ ಬೀಟಲ್ ಬಳಗದಲ್ಲೇ ಹುಟ್ಟಿದ್ದು. ಬೀಟಲ್‌ನ 1.6 ಲೀಟರ್ ಎಂಜಿನ್ನನ್ನು ಇದ್ದಂತೆಯೇ ಇಟ್ಟರೆ ರೆಪ್ಲಿಕಾ ಅಸಲಿಗಿಂತ ಸ್ವಲ್ಪ ಹಿಂದೆ ಉಳಿದೀತು. ಸಿಲಿಂಡರ್ ಹಿಗ್ಗಿಸಿ 1.9 ಲೀಟರ್ ಮಾಡಿ 90 ಅಶ್ವಶಕ್ತಿ ತೆಗೆದರೆ ಅಸಲಿಯನ್ನು ಹಿಂದೆ ಹಾಕುತ್ತದೆ. ಅಂದಹಾಗೆ, ಅಸಲಿ 427 ಕೋಬ್ರಾಗಳಲ್ಲೂ ಎಷ್ಟೋ ಕಾರುಗಳಿಗೆ ಫೋರ್ಡ್‌ನ ಅಗ್ಗದ 428 ಎಂಜಿನ್ ಹಾಕಿದ್ದರು.

ಗೇರ್ ವಿಷಯಕ್ಕೆ ಬಂದರೆ ಬಹುತೇಕರು ಎಡವುತ್ತಾರೆ. ಕಾರಿನ ತುಟ್ಟತುದಿಯ ವೇಗವನ್ನು ಎಷ್ಟೋ ಸಲ ಎಂಜಿನ್ನಿಗಿಂತ ಮೊದಲು ಹಿಂದಿನ ಆಕ್ಸಲ್ಲೇ ತೀರ್ಮಾನಿಸಿರುತ್ತದೆ. ನಾಲ್ಕನೇ ಗೇರ್ ನೇರ, ಆಕ್ಸಲ್ ಅನುಪಾತ 3.55, ಟೈರಿನ ಎತ್ತರ 66 ಸೆಂಟಿಮೀಟರ್ ಎಂದಿರಲಿ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದಾಗ ಕಾರು ಓಡುವುದು 210 ಕಿ.ಮೀ. ಅಷ್ಟೇ, ಅದರಾಚೆ 500 ಅಶ್ವಶಕ್ತಿ ಇದ್ದರೂ ಪ್ರಯೋಜನವಿಲ್ಲ. ಆಕ್ಸಲ್ ಬದಲಿಸಿ 3.08 ಹಾಕಿದರೆ 242ರವರೆಗೆ ದಾರಿ ಸಿಗುತ್ತದೆ, ಆದರೆ ಸಿಗ್ನಲ್‌ನಿಂದ ಚಿಮ್ಮುವ ಚುರುಕು ಕಡಿಮೆಯಾಗುತ್ತದೆ. ‘ಐದನೇ ಗೇರ್ ಇದೆಯಲ್ಲ?’ ಎಂದು ಕೇಳುತ್ತಾರೆ. 0.68ರ ಐದನೇ ಗೇರ್‌ನಲ್ಲಿ ಅದೇ ಸುತ್ತಿಗೆ ಲೆಕ್ಕದಲ್ಲಿ 309 ಕಿ.ಮೀ. ಬರುತ್ತದೆ, ನಿಜ. ಆದರೆ ಆ ವೇಗದಲ್ಲಿ ಗಾಳಿ ಕೇಳುವ ಶಕ್ತಿ ಎಂಜಿನ್ನಿನಲ್ಲಿ ಇರುವುದಿಲ್ಲ. ಆ ಗೇರ್ ಇರುವುದು ಪೆಟ್ರೋಲ್ ಉಳಿಸಿ ಹೆದ್ದಾರಿಯಲ್ಲಿ ಸದ್ದಿಲ್ಲದೆ ಸಾಗಲು. ಇಂಥ ಬಹಳಷ್ಟು ಕಾರುಗಳು ನಾಲ್ಕನೆಯದರಲ್ಲೇ ಹೆಚ್ಚು ಓಡುತ್ತವೆ.

ಚಿಮ್ಮುವುದು ಬೇರೆ, ಓಡುವುದು ಬೇರೆ. 1957ರ ಲೋಟಸ್ ಸೆವೆನ್ ಕಾರಿನ ಹಕ್ಕು 1973ರಲ್ಲಿ ಕೇಟರ್‌ಹ್ಯಾಮ್ ಕಂಪನಿಗೆ ಸಿಕ್ಕಿತು. ಅದು 2008ರಲ್ಲಿ ತಂದ ಆರ್500 ಮಾದರಿಯ ತೂಕ 506 ಕಿಲೋ, ಶಕ್ತಿ 263 ಅಶ್ವಶಕ್ತಿ. ನಿಂತಲ್ಲಿಂದ 60 ಮೈಲಿ ವೇಗಕ್ಕೆ ಮೂರು ಸೆಕೆಂಡೂ ಹಿಡಿಯದು. ಆದರೆ ಗರಿಷ್ಠ ವೇಗ ಸುಮಾರು 240 ಕಿ.ಮೀ. ಮಾತ್ರ. ತೂಕ ಇಳಿಸಿದರೆ ಚಿಮ್ಮುವಿಕೆಗೆ ಲಾಭ; ತುದಿ ವೇಗದಲ್ಲಿ ತೂಕದ ಮಾತು ಬಹಳ ಕಡಿಮೆ. ರೆಪ್ಲಿಕಾದಲ್ಲಿ ಕೂತವರಿಗೆ ‘ಹಾರಿಹೋದೆವು’ ಅನ್ನಿಸುವುದು ಈ ಚಿಮ್ಮುವಿಕೆಯಿಂದ. ಆ ಸುಖ ಸುಳ್ಳಲ್ಲ, ಅದನ್ನು ತುದಿ ವೇಗ ಎಂದುಕೊಳ್ಳುವುದಷ್ಟೇ ತಪ್ಪು.

‘ಮೀಟರಿನಲ್ಲಿ ನಾನೇ ಕಣ್ಣಾರೆ ನೋಡಿದೆ’ ಎನ್ನುವ ಸಾಕ್ಷಿಯನ್ನೂ ಸ್ವಲ್ಪ ಪರೀಕ್ಷಿಸಬೇಕು. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದು, ಹೆಚ್ಚು ತೋರಿಸಬಹುದು ಎಂಬುದು ಯುರೋಪಿನ ನಿಯಮ. 10 ಶೇಕಡದ ಮೇಲೆ ಇನ್ನೂ 4 ಕಿ.ಮೀ.ವರೆಗೆ ರಿಯಾಯಿತಿ ಇದೆ. ಅಂದರೆ ನಿಜಕ್ಕೂ 200ರಲ್ಲಿರುವ ಕಾರಿನ ಮುಳ್ಳು 224 ತೋರಿಸಿದರೂ ನಿಯಮ ಮುರಿದಂತಾಗದು. ರೆಪ್ಲಿಕಾದಲ್ಲಂತೂ ಮೀಟರ್ ಒಂದು ಕಾರಿನದು, ಆಕ್ಸಲ್ ಇನ್ನೊಂದರದು, ಟೈರು ಮತ್ತೊಂದು ಅಳತೆಯದು. ಜಿಪಿಎಸ್ ಇಟ್ಟು ಅಳೆಯದ ಯಾವ ಸಂಖ್ಯೆಯನ್ನೂ ನಾನು ಒಪ್ಪುವುದಿಲ್ಲ.

ಹಾಗಾದರೆ 300ರಿಂದ 350 ಅಶ್ವಶಕ್ತಿಯ, ಆಕ್ಸಲ್ ಸರಿಯಾಗಿ ಹೊಂದಿಸಿದ, ಅಚ್ಚುಕಟ್ಟಾಗಿ ಕಟ್ಟಿದ ಕೋಬ್ರಾ ರೆಪ್ಲಿಕಾ 250ರ ಆಸುಪಾಸು ಓಡಬಲ್ಲದು. ಓಡಬಲ್ಲದು ಎಂದೆ, ಓಡಿಸಬಹುದು ಎನ್ನಲಿಲ್ಲ. ಆ ವೇಗದಲ್ಲಿ ಗಾಳಿ ಕಾರನ್ನು ತಡೆಯುವುದಷ್ಟೇ ಅಲ್ಲ, ನೆಲದಿಂದ ಮೇಲಕ್ಕೂ ಎತ್ತುತ್ತದೆ. 1964ರ ಏಪ್ರಿಲ್‌ನಲ್ಲಿ ಲ ಮಾನ್ ಪರೀಕ್ಷಾ ಓಟಕ್ಕೆ ಬಂದ ಎರಡು ಫೋರ್ಡ್ ಜಿಟಿ40 ಕಾರುಗಳು ಹೀಗೆ ಹಿಡಿತ ತಪ್ಪಿ ಅಪಘಾತಕ್ಕೀಡಾದವು; ಹಿಂಬದಿಗೆ ಸ್ಪಾಯ್ಲರ್ ಜೋಡಿಸಿದ ಮೇಲೆ ಅವು ನೆಲ ಹಿಡಿದವು. ಅದು ದೊಡ್ಡ ಕಂಪನಿಯೊಂದು ಎಂಜಿನಿಯರುಗಳ ಪಡೆಯನ್ನೇ ಇಟ್ಟುಕೊಂಡು ಕಟ್ಟಿದ ಕಾರು. ಶೆಡ್‌ನಲ್ಲಿ ಜೋಡಿಸಿದ ಕಾರಿನ ಕೆಳಗೆ ಗಾಳಿ ಹೇಗೆ ಹರಿಯುತ್ತದೆಂದು ಯಾರೂ ಅಳೆದಿರುವುದಿಲ್ಲ.

ಕೊನೆಗೆ ಟೈರು. ಅದರ ಪಕ್ಕದಲ್ಲಿ ಅಳತೆಯ ಸಾಲಿನ ಕೊನೆಗೊಂದು ಇಂಗ್ಲಿಷ್ ಅಕ್ಷರವಿರುತ್ತದೆ: ಎಸ್ ಎಂದರೆ 180 ಕಿ.ಮೀ., ಎಚ್ 210, ವಿ 240, ಡಬ್ಲ್ಯೂ 270. ಅದರಾಚೆಗೆ ಆ ರಬ್ಬರಿನ ಭರವಸೆ ಇಲ್ಲ. ಹಳೆಯ ಕಾಲದ ಚೆಲುವು ಬೇಕೆಂದು ದಪ್ಪ ಬಿಳಿ ಅಕ್ಷರದ ಟೈರು ಹಾಕಿಸುವವರು ಬಹಳ ಮಂದಿ. ಅಂಥ ಟೈರುಗಳಲ್ಲಿ ಹಲವು ಎಸ್ ದರ್ಜೆಯವು. ಬಾನೆಟ್ ಕೆಳಗೆ 400 ಅಶ್ವಶಕ್ತಿ ಇದ್ದರೂ ಆ ಕಾರಿನ ಗರಿಷ್ಠ ವೇಗ 180.