ಹಂಪಿ ಜಾತ್ರೆಗೆ ಬಂದ ಪಾದ್ರಿ

ಚೈತ್ರ ಮಾಸದ ಹುಣ್ಣಿಮೆ ಹತ್ತಿರವಾಯಿತೆಂದರೆ ಹಂಪಿಯ ತೇರುಬೀದಿಗೆ ಜೀವ ಬರುತ್ತದೆ. ಹೊಸಪೇಟೆಯ ಕಡೆಯಿಂದ ಒಂದು ದಾರಿ, ಕಂಪ್ಲಿಯ ಕಡೆಯಿಂದ ಇನ್ನೊಂದು ದಾರಿ, ಹೊಳೆಯಾಚೆಯಿಂದ ಹರಗೋಲಿನ ದಾರಿ. ಎಲ್ಲವೂ ವಿರೂಪಾಕ್ಷನ ತೇರಿನ ಮುಂದೆ ಬಂದು ಸೇರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜನಸಂದಣಿಯ ಅಂಚಿನಲ್ಲಿ, ಬಳೆ ಅಂಗಡಿ ಮಿಠಾಯಿ ಅಂಗಡಿಗಳ ನಡುವೆ, ಇನ್ನೊಂದು ನೋಟವೂ ಕಾಣಸಿಗುತ್ತಿತ್ತು. ಬಿಸಿಲಿಗೆ ಕೆಂಪೇರಿದ ಮುಖದ ಪರದೇಶಿಯೊಬ್ಬ, ಜೊತೆಗೆ ಒಬ್ಬಿಬ್ಬರು ದೇಶೀ ಸಹಾಯಕರು, ಮುಂದೆ ಕನ್ನಡ ಕಿರುಪುಸ್ತಕಗಳ ಕಟ್ಟು. ಜನ ಆತನನ್ನು ಪಾದ್ರಿ ಎಂದು ಕರೆದರು. ಪೋರ್ಚುಗೀಸರಿಂದ ಬಂದ ಈ ಮಾತು ಬಳ್ಳಾರಿ ಸೀಮೆಗೆ ಬರುವಷ್ಟರಲ್ಲಿ ಯಾವ ಪಂಥದ ಕ್ರೈಸ್ತ ಬೋಧಕನಿಗೂ ಸಲ್ಲುವ ಹೆಸರಾಗಿತ್ತು.

ಇವರು ಬರುತ್ತಿದ್ದುದು ಬಳ್ಳಾರಿಯಲ್ಲಿದ್ದ ಲಂಡನ್ ಮಿಶನರಿ ಸೊಸೈಟಿಯ ಠಾಣೆಯಿಂದ. 1795ರಲ್ಲಿ ಹುಟ್ಟಿದ ಈ ಸಂಸ್ಥೆ ಜಾನ್ ಹ್ಯಾಂಡ್ಸ್ ಎಂಬಾತನನ್ನು ಕನ್ನಡ ನಾಡಿಗೆ ಕಳುಹಿಸಿತು. ಆತ ಬಳ್ಳಾರಿಗೆ ಬಂದದ್ದು 1810ರಲ್ಲಿ. ನಿಜಾಮನಿಂದ ಈ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದು ಆಗಿನ್ನೂ ಹತ್ತು ವರ್ಷ. ಅದಕ್ಕೂ ನಾಲ್ಕು ವರ್ಷ ಮೊದಲು, 1806ರಲ್ಲಿ, ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆಯೆದ್ದಿದ್ದರು. ತಮ್ಮ ಧರ್ಮವನ್ನು ಕೆಡಿಸುತ್ತಾರೆಂಬ ಭಯವೂ ಆ ದಂಗೆಗೆ ಒಂದು ಕಾರಣವಾಗಿತ್ತು. ಆದ್ದರಿಂದ ಕಂಪೆನಿ ಸರಕಾರಕ್ಕೆ ಪಾದ್ರಿಗಳೆಂದರೆ ಅಷ್ಟಕ್ಕಷ್ಟೇ. ಭಾರತದಲ್ಲಿ ಧರ್ಮಪ್ರಚಾರಕ್ಕೆ ಕಾನೂನಿನ ಬಾಗಿಲು ತೆರೆದದ್ದು 1813ರ ಸನ್ನದಿನಲ್ಲಿ. ಆಳುವವರೂ ಬಿಳಿಯರೇ, ಬೋಧಿಸುವವರೂ ಬಿಳಿಯರೇ ಆಗಿದ್ದರಿಂದ ಊರಿನವರಿಗೆ ಇಬ್ಬರೂ ಒಂದೇ ಎಂದು ತೋರುತ್ತಿತ್ತು. ಒಳಗೆ ಮಾತ್ರ ಅವರ ಸಂಬಂಧ ಹಾವು-ಏಣಿಯಾಟದಂತೆ ಏರುತ್ತ ಇಳಿಯುತ್ತ ಇತ್ತು.

ಮೊದಲ ಶತ್ರು ನಾಲಿಗೆ

ಪಾದ್ರಿಯ ದಿನ ಆರಂಭವಾಗುತ್ತಿದ್ದುದು ಪ್ರಾರ್ಥನೆಯಿಂದ. ಆಮೇಲೆ ಬರುತ್ತಿದ್ದವನು ಮುನ್ಷಿ. ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಇಂಗ್ಲಿಷರು ಕನ್ನಡ ಕಲಿಯಲು ಅಚ್ಚಾದ ಒಂದು ವ್ಯಾಕರಣವೂ ಇರಲಿಲ್ಲ, ನಿಘಂಟೂ ಇರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾದದ್ದೇ 1817ರಲ್ಲಿ. ಹೀಗಾಗಿ ಎದುರಿಗೆ ಕೂತ ಮುನ್ಷಿಯ ಬಾಯಿಂದ ಒಂದೊಂದೇ ಪದವನ್ನು ಆರಿಸಿಕೊಳ್ಳಬೇಕು, ತನ್ನ ವ್ಯಾಕರಣವನ್ನು ತಾನೇ ಬರೆದುಕೊಳ್ಳಬೇಕು. ಲಕಾರ ಳಕಾರಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ನಾಲಿಗೆಗೆ ಹತ್ತಬೇಕು. ಸಾಲದ್ದಕ್ಕೆ ಬಳ್ಳಾರಿ ಪೇಟೆಯಲ್ಲಿ ಕನ್ನಡದ ಜೊತೆಗೆ ತೆಲುಗು, ದಖನಿ ಉರ್ದು. ಘೋರ್ಪಡೆ ಮನೆತನ ಆಳುತ್ತಿದ್ದ ಸಂಡೂರಿಗೆ ಹೋದರೆ ಮರಾಠಿಯೂ ಕಿವಿಗೆ ಬೀಳುತ್ತಿತ್ತು.

ಪದ ಸಿಕ್ಕಿದರೂ ತೊಂದರೆ ತೀರುತ್ತಿರಲಿಲ್ಲ. ‘ಪಾಪ’ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ಪಾದ್ರಿಯ ಮನಸ್ಸಿನಲ್ಲಿ ಅದು ಮನುಷ್ಯ ದೇವರಿಗೆ ಎಸಗಿದ ದ್ರೋಹ. ಕೇಳುವ ರೈತನಿಗೆ ಅದು ಹಿಂದಿನ ಜನ್ಮದಿಂದ ಹೊತ್ತು ತಂದ ಗಂಟು. ಅದೇ ರೈತ ಬಡವನೊಬ್ಬನನ್ನು ಕಂಡು ‘ಅಯ್ಯೋ ಪಾಪ’ ಎಂದರೆ ಅದು ಕನಿಕರ. ‘ಆತ್ಮ’, ‘ಮೋಕ್ಷ’, ‘ಪ್ರಸಾದ’ ಯಾವ ಪದವನ್ನು ಮುಟ್ಟಿದರೂ ಅದರೊಳಗೆ ಶರಣರು, ದಾಸರು, ಪುರಾಣಿಕರು ಮೊದಲೇ ಮನೆ ಮಾಡಿಕೊಂಡಿದ್ದರು. ಪಾದ್ರಿ ಒಂದು ಹೇಳಿದರೆ ಜಾತ್ರೆಯ ಜನ ಇನ್ನೊಂದನ್ನು ಕೇಳಿಸಿಕೊಳ್ಳುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಈ ಗುದ್ದಾಟದಿಂದಲೇ ಪುಸ್ತಕಗಳೂ ಹುಟ್ಟಿದವು. ಹ್ಯಾಂಡ್ಸ್ ಮುಂದಾಳುತನದ ಕನ್ನಡ ಬೈಬಲು 1831ರ ಹೊತ್ತಿಗೆ ಪೂರ್ತಿಯಾಗಿ ಹೊರಬಂತು. ಬಳ್ಳಾರಿ ಠಾಣೆಗೆ ಬಂದ ಮತ್ತೊಬ್ಬ ಮಿಶನರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದ. ಬಳ್ಳಾರಿಯ ಮಿಶನ್ ಮುದ್ರಣಾಲಯ ಎಷ್ಟು ಹೆಸರುವಾಸಿಯಾಗಿತ್ತೆಂದರೆ, ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೇ ಬಂದು, ಅಚ್ಚುಮೊಳೆಗಳಲ್ಲಿ ಮುದ್ರಣಗೊಂಡಿತು. ಕನ್ನಡದ ಮೊದಲ ಪತ್ರಿಕೆಯ ಕಥೆಯಲ್ಲಿ ಬಿಸಿಲೂರಿಗೂ ಒಂದು ಪಾಲಿದೆ.

ಬಂಡಿಯ ದಾರಿ, ತೋಪಿನ ಬಿಡಾರ

ಮುದ್ರಣಾಲಯ, ಶಾಲೆ ಇವೆಲ್ಲ ಊರೊಳಗಿನ ಕೆಲಸ. ಮಿಶನರಿಯ ತಾಳ್ಮೆಯನ್ನು ಪರೀಕ್ಷಿಸುತ್ತಿದ್ದುದು ಊರೂರು ಸುತ್ತುವ ಕೆಲಸ. ಮಳೆ ನಿಂತು ಚಳಿ ಇಳಿದ ಮೇಲೆ ಸಂಚಾರದ ಕಾಲ. ಎತ್ತಿನ ಬಂಡಿಯಲ್ಲಿ ಗುಡಾರ, ಪುಸ್ತಕದ ಪೆಟ್ಟಿಗೆ, ಒಂದಿಷ್ಟು ಔಷಧಿ. ಬಳ್ಳಾರಿಯಿಂದ ಹೊಸಪೇಟೆಗೆ ಸುಮಾರು 60 ಕಿಲೋಮೀಟರು. ಇಂದು ಒಂದೂವರೆ ಗಂಟೆಯ ಹಾದಿ. ಆಗ ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲು ತೋಪೊಂದರಲ್ಲಿ ಬಂಡಿ ಬಿಟ್ಟು, ಸಂಜೆ ಊರ ಚಾವಡಿಯ ಮುಂದೆ ಮಾತನಾಡಿ, ಮರುದಿನ ಮತ್ತೆ ಮುಂದಕ್ಕೆ. ಹೊಸಪೇಟೆಗೆ ರೈಲು ಬಂದದ್ದು 1880ರ ದಶಕದಲ್ಲಿ.

ಈ ಸೀಮೆಗೆ ತಿರುಗಾಡುವ ಬೋಧಕ ಹೊಸಬನಲ್ಲ ಎಂಬುದನ್ನು ಮರೆಯಬಾರದು. ಜಂಗಮರು ಬರುತ್ತಿದ್ದರು, ತಂಬೂರಿ ಹಿಡಿದ ದಾಸರು ಬರುತ್ತಿದ್ದರು, ಫಕೀರರು ಬರುತ್ತಿದ್ದರು. ಆದ್ದರಿಂದ ಪಾದ್ರಿಗೂ ಕೇಳುಗರು ಸಿಗುತ್ತಿದ್ದರು. ಆದರೆ ಒಂದು ವ್ಯತ್ಯಾಸ. ಜಂಗಮ ಭಿಕ್ಷೆ ಬೇಡುತ್ತಿದ್ದ. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಅನ್ನ. ಪಾದ್ರಿ ಏನನ್ನೂ ಬೇಡುತ್ತಿರಲಿಲ್ಲ, ಬದಲಿಗೆ ಪುಸ್ತಕ ಕೊಡುತ್ತಿದ್ದ. ಏನನ್ನೂ ಬೇಡದೆ ಕೊಡುವವನ ಮೇಲೆ ಹಳ್ಳಿಗೆ ಸಂಶಯ ಹೆಚ್ಚು.

ಎದುರಾಳಿಗಳಿಗಿಂತ ಹೆಚ್ಚಾಗಿ ಮಿಶನರಿಗಳನ್ನು ಸೋಲಿಸಿದ್ದು ಒಪ್ಪಿಕೊಳ್ಳುವವರು. ವಾದಕ್ಕೆ ಬಂದವನೊಡನೆ ವಾದಿಸಬಹುದು. ಆದರೆ ಎಲ್ಲವನ್ನೂ ಶಾಂತವಾಗಿ ಕೇಳಿ, ನಿಮ್ಮ ಸ್ವಾಮಿಯೂ ದೊಡ್ಡವನೇ, ಎಲ್ಲ ದೇವರೂ ಒಂದೇ ಎಂದು ತಲೆದೂಗಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನೇರ ವಿರೂಪಾಕ್ಷನ ಗುಡಿಗೆ ಹೋಗುವವನೊಡನೆ ಏನು ಮಾಡುವುದು? ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯಬೇಕೆಂಬ ಮಾತೇ ಈ ನೆಲದ ಬಹುಪಾಲು ಜನರಿಗೆ ಅರ್ಥವಾಗುವಂತಿರಲಿಲ್ಲ. ಪಾದ್ರಿಯ ಕಣ್ಣಿಗೂ ತೇರನ್ನು ಎಳೆಯುವ ಜನ ಕಂಡರೇ ಹೊರತು, ಅವರನ್ನು ಅಲ್ಲಿಗೆ ಎಳೆತಂದ ಹರಕೆ, ನಂಟು, ನೆನಪುಗಳು ಬೇಗ ಕಾಣಲಿಲ್ಲ. ವಿಗ್ರಹಾರಾಧನೆಯನ್ನು ಜರೆದ ಅವರ ಕಿರುಪುಸ್ತಕಗಳಲ್ಲಿ ಈ ಕುರುಡು ಎದ್ದು ಕಾಣುತ್ತದೆ.

ಕಾಲರಾ, ಬರ, ಕಾಗದ

ಜಾತ್ರೆಯಿಂದ ಬಂಡಿ ಹಿಂತಿರುಗುವಾಗ ಜೊತೆಗೆ ಕಾಲರಾವೂ ಬರಬಹುದಿತ್ತು. ನೀರು ಕಡಿಮೆ, ಜನ ಹೆಚ್ಚು ಎಂಬಲ್ಲೆಲ್ಲ ಅದರ ಹಾವಳಿ. ಈ ಸೀಮೆಯ ಮೊದಲ ಕಲೆಕ್ಟರನಾಗಿದ್ದು, ಆಮೇಲೆ ಮದರಾಸಿನ ಗವರ್ನರನಾದ ಥಾಮಸ್ ಮನ್ರೋ ಕೂಡ 1827ರಲ್ಲಿ ಪತ್ತಿಕೊಂಡದ ಬಿಡಾರದಲ್ಲಿ ಕಾಲರಾಕ್ಕೆ ತುತ್ತಾದ. ಗವರ್ನರನನ್ನೇ ಬಿಡದ ರೋಗ ಬೋಧಕನನ್ನು ಬಿಟ್ಟೀತೆ? ಅದೇ 1827ರಲ್ಲಿ ಬಳ್ಳಾರಿಗೆ ಬಂದ ಸ್ಯಾಮ್ಯುಯೆಲ್ ಫ್ಲೇವೆಲ್ ಎಂಬಾತ ಹೆಸರಿನಿಂದ ಇಂಗ್ಲಿಷನಂತೆ ತೋರಿದರೂ ಹುಟ್ಟಿನಿಂದ ತಮಿಳ. ಇಪ್ಪತ್ತು ವರ್ಷ ಬಳ್ಳಾರಿಯಲ್ಲಿ ಬೋಧಿಸಿ, 1847ರಲ್ಲಿ ಅಲ್ಲಿಯೇ ಕಾಲರಾದಿಂದ ತೀರಿಕೊಂಡ. ಮಿಶನ್ ಚರಿತ್ರೆಗಳಲ್ಲಿ ಬಿಳಿಯರ ಹೆಸರುಗಳೇ ಮುಂದಾಗಿ ಕಾಣುತ್ತವೆ. ಆದರೆ ಬೀದಿಯಲ್ಲಿ ನಿಂತು ಜನರ ನುಡಿಯಲ್ಲಿ ಮಾತನಾಡುವ ಕೆಲಸದ ದೊಡ್ಡ ಪಾಲನ್ನು ಹೊತ್ತವರು ಇಂಥ ದೇಶೀ ಬೋಧಕರು.

ಮನೆಯ ಚಿಂತೆ ಬೇರೆ. ಹಡಗುಗಳು ಆಫ್ರಿಕವನ್ನು ಸುತ್ತಿ ಬರುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಕಾಗದ ಕೈಸೇರಲು ತಿಂಗಳುಗಳೇ ಬೇಕು. ತಾಯಿ ತೀರಿದ ಸುದ್ದಿ ಬರುವಷ್ಟರಲ್ಲಿ ಅರ್ಧ ವರ್ಷವೇ ಆಗಿರಬಹುದು. ಇತ್ತ ತಾವು ಬರೆಯುವ ವರದಿಯಲ್ಲಿ ಲಂಡನ್ನಿನವರು ನೋಡುತ್ತಿದ್ದುದು ಎಷ್ಟು ಮಂದಿ ಸೇರಿದರು ಎಂಬ ಲೆಕ್ಕ. ಆ ಅಂಕಣದಲ್ಲಿ ಬರೆಯಲು ವರ್ಷಗಟ್ಟಲೆ ಹೆಚ್ಚೇನೂ ಇರುತ್ತಿರಲಿಲ್ಲ. ತುಂಬುತ್ತಿದ್ದುದು ಶಾಲೆಯ ಮಕ್ಕಳ ಅಂಕಣ. ಕ್ರೈಸ್ತರಾಗಲು ಒಲ್ಲದ ತಂದೆತಾಯಿಗಳೂ ಇಂಗ್ಲಿಷ್ ಕಲಿಸಲು ಮಕ್ಕಳನ್ನು ಕಳಿಸುತ್ತಿದ್ದರು. 1846ರಲ್ಲಿ ಆರಂಭವಾಗಿ, ವಾರ್ಡ್ಲಾ ಎಂಬ ಮಿಶನರಿಯ ಹೆಸರು ಹೊತ್ತ ಬಳ್ಳಾರಿಯ ಶಾಲೆಯೇ ಇದಕ್ಕೆ ಸಾಕ್ಷಿ. ಪಾದ್ರಿಗಳು ಬಿತ್ತಿದ್ದು ಒಂದು, ಊರು ಕೊಯ್ದುಕೊಂಡದ್ದು ಇನ್ನೊಂದು.

1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಜಿಲ್ಲೆ ತನ್ನ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ದಕ್ಷಿಣದ ಉದ್ದಕ್ಕೂ ಮಿಶನ್ನುಗಳು ಆಗ ಅನಾಥ ಮಕ್ಕಳನ್ನು ಸಾಕಿದವು, ಗಂಜಿ ಹಂಚಿದವು. ಹಸಿದವನಿಗೆ ಕೊಟ್ಟ ಅನ್ನ ಅನ್ನವೋ, ಅದರೊಳಗೆ ಗಾಳವೋ ಎಂಬ ಪ್ರಶ್ನೆ ಅಂದಿನಿಂದಲೂ ಕೇಳಿಬರುತ್ತಿದೆ. ಕೆಲವು ಮಿಶನರಿಗಳನ್ನೂ ಅದು ಕಾಡಿತ್ತು.

ಕೇಳಿದವನು ತೆತ್ತ ಬೆಲೆ

ಪಾದ್ರಿಯ ಕಷ್ಟಗಳ ಕಥೆ ಹೇಳುವಾಗ ಮರೆಯುವ ಇನ್ನೊಂದು ಪಾತ್ರವಿದೆ. ಆತನ ಮಾತನ್ನು ನಿಜವಾಗಿಯೂ ಒಪ್ಪಿದವನು. ಪಾದ್ರಿಗೆ ಸೋಲು ಬಂದರೆ ಹಡಗು ಹತ್ತಿ ಹಿಂತಿರುಗಬಹುದು. ದೀಕ್ಷಾಸ್ನಾನ ಪಡೆದ ಹುಡುಗನಿಗೆ ಹೋಗಲು ಬೇರೆ ಊರಿಲ್ಲ. ಮನೆಯ ಬಾಗಿಲು ಮುಚ್ಚಿತು, ಬಾವಿ ಮುಚ್ಚಿತು, ಮದುವೆಯ ನಂಟು ಕಡಿಯಿತು. ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಉಳಿಯುವಂತೆ ಕಾನೂನು ಬಂದದ್ದು 1850ರಲ್ಲಿ, ಆ ವರ್ಷದ 21ನೆಯ ಕಾಯಿದೆಯಿಂದ. ಕಾನೂನು ಹೊಲವನ್ನು ಕೊಡಿಸಬಲ್ಲದು. ತಾಯಿಯ ಕೈತುತ್ತನ್ನು ಕೊಡಿಸಲಾರದು. ಆದರೆ ಊರೇ ಮೊದಲಿನಿಂದ ಹೊರಗಿಟ್ಟಿದ್ದ ಜಾತಿಗಳವರ ಲೆಕ್ಕ ಬೇರೆ. ಅವರಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಅಕ್ಷರ, ಹೆಸರು, ಎದುರು ಕೂತು ಮಾತನಾಡುವ ಒಬ್ಬ ಮನುಷ್ಯ, ಇಷ್ಟೇ ದೊಡ್ಡ ಗಳಿಕೆಯಾಗಿತ್ತು.

ಎರಡು ವರ್ಷದ ಪಾದ್ರಿಗಳು

ಈ ಬಗೆಯ ಬದುಕು ಜಗತ್ತಿನಿಂದ ಮರೆಯಾಗಿಲ್ಲ. ಅದರ ಒಂದು ಹೊಸ ರೂಪ ಮಾರ್ಮನ್ ಪಂಥದವರದು. ಅಮೆರಿಕದಲ್ಲಿ 1830ರಲ್ಲಿ ಹುಟ್ಟಿದ ಈ ಪಂಥದ ಪ್ರಚಾರಕರು 1850ರ ದಶಕದಲ್ಲಿಯೇ ಕಲ್ಕತ್ತೆಗೆ ಬಂದಿದ್ದರು. ಹೆಚ್ಚಿನ ಫಲ ಕಾಣದೆ ಕೆಲವೇ ವರ್ಷಗಳಲ್ಲಿ ಹಿಂದಿರುಗಿದರು. 1993ರಲ್ಲಿ ಬೆಂಗಳೂರು ಅವರ ಒಂದು ಪ್ರಚಾರ ಕೇಂದ್ರವಾಯಿತು. ಹ್ಯಾಂಡ್ಸ್ ಕಾಲದ ಮಿಶನರಿಗೆ ಅದು ಜೀವಮಾನದ ಕೆಲಸ. ಮಾರ್ಮನ್ ಯುವಕನಿಗೆ ಎರಡು ವರ್ಷ, ಯುವತಿಗೆ ಒಂದೂವರೆ ವರ್ಷ. ಸಂಬಳವಿಲ್ಲ, ಖರ್ಚು ಬಹುಮಟ್ಟಿಗೆ ಮನೆಯವರದೇ. ಯಾವಾಗಲೂ ಜೋಡಿಯಾಗಿಯೇ ಇರಬೇಕು. ಬೆಳಗಿನ ಓದು, ಭಾಷೆಯ ಅಭ್ಯಾಸ, ಬಾಗಿಲು ತಟ್ಟುವುದು, ಮುಚ್ಚಿದ ಬಾಗಿಲಿನಿಂದ ಮುಂದಕ್ಕೆ ನಡೆಯುವುದು, ವಾರಕ್ಕೊಂದು ದಿನ ಬಟ್ಟೆ ಒಗೆದುಕೊಂಡು ಮನೆಗೆ ಪತ್ರ ಬರೆಯುವುದು. ವಾರವಾರವೂ ಮನೆಯವರೊಡನೆ ಫೋನಿನಲ್ಲಿ ಮಾತನಾಡಲು ಅವರಿಗೆ ಅನುಮತಿ ದೊರೆತದ್ದು 2019ರಲ್ಲಿ. ಕಾಲ ಬದಲಾದರೂ ದಿನದ ಏರಿಳಿತ ಹಳೆಯದೇ. ಬೆಳಿಗ್ಗೆ ಹುಮ್ಮಸ್ಸು, ಮಧ್ಯಾಹ್ನ ಬೇಸರ, ಯಾರೋ ಒಬ್ಬರು ಒಳಗೆ ಕರೆದು ನೀರು ಕೊಟ್ಟರೆ ಸಂಜೆಗೆ ಮತ್ತೆ ಉಸಿರು.

ನೆಲದ ನಿಯಮವೂ ಇಂದು ಬೇರೆ. ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತು. ಹೇಳುವವನ ಸ್ವಾತಂತ್ರ್ಯಕ್ಕೂ ಕೇಳುವವನ ಸ್ವಾತಂತ್ರ್ಯಕ್ಕೂ ನಡುವಿನ ಗೆರೆ ಎಲ್ಲಿ ಎಂಬ ವಾದ ಇನ್ನೂ ಮುಗಿದಿಲ್ಲ.

ಬಳ್ಳಾರಿ ಮಿಶನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಂದಿಗೆ ಬೆರೆತವು. ಹೊಸಪೇಟೆ ಈಗ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ಕೇಂದ್ರ. ಪಾದ್ರಿಗಳ ಬಂಡಿ ಸಾಗಿದ ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳು ಓಡುತ್ತವೆ. ಹಂಪಿಯ ತೇರು ಮಾತ್ರ ವರ್ಷವರ್ಷವೂ ಎಳೆಯಲ್ಪಡುತ್ತದೆ. ಆ ತೇರನ್ನು ನಿಲ್ಲಿಸುವ ಆಸೆಯಿಂದ ಬಂದವರಿಗೆ ಅದನ್ನು ನಿಲ್ಲಿಸಲಾಗಲಿಲ್ಲ. ಆದರೆ ಜಾತ್ರೆಯ ಜನರೊಡನೆ ಮಾತನಾಡಲೆಂದು ಅವರು ಒಂದೊಂದಾಗಿ ಕೂಡಿಟ್ಟ ಕನ್ನಡ ಪದಗಳು ನಿಘಂಟಿನಲ್ಲಿ ಉಳಿದುಕೊಂಡವು. ಕಲಿಸಲು ಬಂದವರು ಕಲಿತು ಹೋದದ್ದೇ ಇಲ್ಲಿ ಹೆಚ್ಚು ಬಾಳಿಕೆ ಬಂತು.