ಮೈಸೂರು ಪಾಕಿನ ‘ಪಾಕ’ ಯಾವುದು?

2025ರ ಮೇ ತಿಂಗಳಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಯವರು ಮೈಸೂರು ಪಾಕಿಗೆ ‘ಮೈಸೂರು ಶ್ರೀ’ ಎಂದು ಹೊಸ ಹೆಸರಿಟ್ಟರು. ಮೋತಿ ಪಾಕ್ ಹೋಗಿ ಮೋತಿ ಶ್ರೀ ಬಂತು, ಗೋಂದ್ ಪಾಕ್ ಹೋಗಿ ಗೋಂದ್ ಶ್ರೀ ಬಂತು. ಪಹಲ್ಗಾಮಿನ ಉಗ್ರರ ದಾಳಿಯಲ್ಲಿ ಹರಿದ ನೆತ್ತರು ಇನ್ನೂ ಆರದ ದಿನಗಳವು. ಜನರ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಸುದ್ದಿಗೆ ನಮ್ಮ ಮೈಸೂರಿನ ವಿಜಯನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಚಪ್ಪಾಳೆ ಬಿತ್ತಲ್ಲ, ಅದನ್ನು ಮಾತ್ರ ಸಹಿಸಲಾಗಲಿಲ್ಲ. ಹೊಸ ವರ್ಷದ ದಿನ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಲಕ್ಷಗಟ್ಟಲೆ ಲಾಡು ಹಂಚುವ ಬಡಾವಣೆ ಇದು. ಇಲ್ಲಿ ಹುಟ್ಟಿ ಬೆಳೆದವರಿಗೂ ಸಿಹಿತಿಂಡಿಯ ಪಾಕ ಯಾವುದು, ಪಾಕಿಸ್ತಾನದ ಪಾಕ್ ಯಾವುದು ಎಂದು ಹೇಳಿಕೊಡಬೇಕೆ?

ಪಾಕ ಎಂದರೆ ಬೇಯಿಸಿದ್ದು, ಹದಕ್ಕೆ ಬಂದದ್ದು. ‘ಪಚ್’ ಎಂಬ ಸಂಸ್ಕೃತ ಧಾತುವಿನಿಂದ ಬಂದ ಪದ. ಪಾಕಶಾಲೆ, ನಳಪಾಕ, ಪಚನ ಎಲ್ಲವೂ ಅದೇ ಬಳ್ಳಿಯವು. ಕನ್ನಡದ ಅಡುಗೆಮನೆಯಲ್ಲಂತೂ ಪಾಕ ಎಂದರೆ ಸಕ್ಕರೆಯದೋ ಬೆಲ್ಲದ್ದೋ ಪಾಕ. ಕಜ್ಜಾಯಕ್ಕೆ ಪಾಕ ಹಿಡಿಯುವವರು ಯಾರೂ ಗಡಿಯಾಚೆಯ ದೇಶವನ್ನು ನೆನೆಸಿಕೊಳ್ಳುವುದಿಲ್ಲ. ಪಾಕಿಸ್ತಾನ ಎಂಬ ಹೆಸರು ಚಲಾವಣೆಗೆ ಬಂದದ್ದು 1933ರಲ್ಲಿ, ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಚೌಧರಿ ರಹಮತ್ ಅಲಿಯ ಕರಪತ್ರದಿಂದ. ಪಂಜಾಬ್, ಅಫ್ಘಾನ್ ಪ್ರಾಂತ್ಯ, ಕಾಶ್ಮೀರ, ಸಿಂಧ್, ಬಲೂಚಿಸ್ತಾನಗಳ ಅಕ್ಷರಗಳನ್ನು ಪೋಣಿಸಿ ಕಟ್ಟಿದ ಹೆಸರು ಅದು. ಪಾರಸಿಯಲ್ಲಿ ‘ಪಾಕ್’ ಎಂದರೆ ಶುದ್ಧ ಎಂಬ ಅರ್ಥವೂ ಅದಕ್ಕೆ ಕೂಡಿಬಂತು. ಆ ಪಾರಸಿ ಪದಕ್ಕೆ ನಮ್ಮಲ್ಲಿ ನೆಂಟರನ್ನು ಹುಡುಕಿದರೆ ಸಿಗುವುದು ಪಾಕವಲ್ಲ, ‘ಪಾವನ’. ಕಿವಿಗೆ ಒಂದೇ ಥರ ಕೇಳಿಸಿತೆಂದು ಎರಡು ಪದಗಳನ್ನು ಒಂದೇ ಮನೆಯವೆಂದು ಸಾಧಿಸಲಾಗದು.

ಅಷ್ಟಕ್ಕೂ ಈ ತಿಂಡಿಯ ಜೀವವೇ ಪಾಕದಲ್ಲಿದೆ. ಸಕ್ಕರೆಗೆ ನೀರು ಹಾಕಿ ಒಲೆಯ ಮೇಲಿಟ್ಟು, ಎರಡು ಬೆರಳ ನಡುವೆ ಒಂದೆಳೆ ಬರುವವರೆಗೆ ಕಾಯಬೇಕು. ಆಮೇಲೆ ಗಂಟಾಗದಂತೆ ಕಡಲೆಹಿಟ್ಟು ಉದುರಿಸಿ, ಪಕ್ಕದ ಒಲೆಯಲ್ಲಿ ಕಾದಿರುವ ತುಪ್ಪವನ್ನು ಸೌಟು ಸೌಟಾಗಿ ಹುಯ್ಯುತ್ತಾ ಕೈ ಬಿಡದೆ ತಿರುಗಿಸಬೇಕು. ಪ್ರತಿ ಸೌಟಿಗೂ ಹಿಟ್ಟು ಬುಸ್ಸೆಂದು ನೊರೆಯೇಳುತ್ತದೆ. ಆ ನೊರೆಯೇ ತಟ್ಟೆಯಲ್ಲಿ ಗಟ್ಟಿಯಾಗಿ, ತುಂಡು ಮುರಿದಾಗ ಕಾಣುವ ಗೂಡುಗೂಡು ಕಣ್ಣುಗಳಾಗುವುದು. ತಟ್ಟೆಯ ಒಳಭಾಗ ಬೇಗ ಆರುವುದಿಲ್ಲ, ಆ ಬಿಸಿಗೆ ನಡುವೆ ಕೆಂಪಡರಿ ಅಂಚು ಹಳದಿಯಾಗಿಯೇ ಉಳಿಯುತ್ತದೆ. ಪಾಕ ಎಳೆಯದಾದರೆ ತುಂಡು ನಿಲ್ಲದು, ಮೀರಿದರೆ ಕಲ್ಲು. ಇಷ್ಟೆಲ್ಲ ಕಸುಬು ಅಡಗಿರುವ ಪದವನ್ನು ಕಿತ್ತು ‘ಶ್ರೀ’ ಅಂಟಿಸಿದರೆ ಹೆಸರಿನಲ್ಲಿ ಉಳಿಯುವುದೇನು?

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಇದನ್ನು ಮಾಡಿದರು, ಮಹಾರಾಜರು ಹೆಸರು ಕೇಳಿದಾಗ ತಟ್ಟನೆ ‘ಮೈಸೂರು ಪಾಕ’ ಎಂದುಬಿಟ್ಟರು ಎಂಬುದು ವಂಶದವರ ಬಾಯಲ್ಲಿ ಉಳಿದುಬಂದ ಕಥೆ. ಸಯ್ಯಾಜಿ ರಾವ್ ರಸ್ತೆಯ ಗುರು ಸ್ವೀಟ್ ಮಾರ್ಟ್ ಆ ವಂಶದವರದೇ. ಜೈಪುರದ ಸುದ್ದಿ ಬಂದಾಗ ಮೊದಲು ಎದ್ದುನಿಂತು ಇದು ಸಲ್ಲದು ಎಂದವರಲ್ಲಿ ಅವರೂ ಇದ್ದರು. ಕಥೆಯಲ್ಲಿ ಬಣ್ಣ ಎಷ್ಟು ಸೇರಿದೆಯೋ ಇರಲಿ, ಪದದ ವಿಷಯದಲ್ಲಿ ಅದಕ್ಕೆ ತಕರಾರಿಲ್ಲ. ಅಡುಗೆಯವರ ಬಾಯಿಗೆ ತಟ್ಟನೆ ಬರುವ ಪದ ಪಾಕವೇ.

ಇಂಥ ನಂಬಿಕೆಗಳು ಬೇರೆಯೂ ಇವೆ, ಅವಕ್ಕೆ ಇಷ್ಟು ಮಾತು ಬೇಡ. ಅಜ್ಜಿಯೊಬ್ಬಳು ವೀರಬಲ್ಲಾಳನಿಗೆ ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಹೆಸರು ಬಂತೆನ್ನುವವರು ಬೇಗೂರಿನ ದೇವಸ್ಥಾನಕ್ಕೆ ಹೋಗಿಬರಲಿ. ಬಲ್ಲಾಳನಿಗಿಂತ ಸುಮಾರು 300 ವರ್ಷ ಮೊದಲಿನ, ಗಂಗರ ಕಾಲದ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಮಾತಿದೆ. ಗೋಬಿ ಮಂಚೂರಿ ಮಂಚೂರಿಯಾದ ತಿಂಡಿಯಲ್ಲ, ಭಾರತದ ಹೋಟೆಲುಗಳಲ್ಲೇ ಹುಟ್ಟಿದ್ದು. ಹ್ಯಾಂಬರ್ಗರಿನ ‘ಹ್ಯಾಮ್’ ಹಂದಿಮಾಂಸದ್ದಲ್ಲ, ಜರ್ಮನಿಯ ಹ್ಯಾಂಬರ್ಗ್ ಊರಿನದು.

ಬೆಂದ ಕಾಳಿನ ಕಥೆಯಿಂದ ಯಾರಿಗೂ ತೊಂದರೆಯಿಲ್ಲ. ಪಾಕಿನ ಕಥೆ ಹಾಗಲ್ಲ. ಕೇಳಿದ್ದನ್ನು ಒಂದು ನಿಮಿಷ ನಿಘಂಟಿನಲ್ಲಿ ನೋಡುವ ವ್ಯವಧಾನವಿಲ್ಲದೆ ಮುಂದಕ್ಕೆ ತಳ್ಳುವ ಚಟ ಅದರ ಬೆನ್ನಿಗಿದೆ. 2019ರಲ್ಲಿ ಯಾರೋ ತಮಾಷೆಗೆ, ಮೈಸೂರು ಪಾಕಿನ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ತಮಿಳುನಾಡಿಗೆ ಸಿಕ್ಕಿತೆಂದು ಟ್ವೀಟ್ ಮಾಡಿದರೆ, ಅದನ್ನೇ ಸುದ್ದಿಯೆಂದು ನಂಬಿ ನಮ್ಮವರು ರಾತ್ರಿ ಹಗಲು ಜಗಳವಾಡಿದರು. ಅದೇ ವರ್ಷ ಬೆಂಗಳೂರಿನ ಇಂದಿರಾನಗರದಲ್ಲಿ ಕರಾಚಿ ಬೇಕರಿಯವರು ಗುಂಪಿಗೆ ಹೆದರಿ ಬೋರ್ಡಿನ ಮೇಲಿದ್ದ ‘ಕರಾಚಿ’ಗೆ ಬಟ್ಟೆ ಮುಚ್ಚಬೇಕಾಯಿತು. ಆ ಬೇಕರಿಯನ್ನು ಹೈದರಾಬಾದಿನಲ್ಲಿ ಕಟ್ಟಿದವರು ದೇಶ ವಿಭಜನೆಯಲ್ಲಿ ಎಲ್ಲವನ್ನೂ ಬಿಟ್ಟು ಬಂದ ಸಿಂಧಿ ಹಿಂದೂ ಕುಟುಂಬದವರು. ನೊಂದವರಿಗೇ ಮತ್ತೆ ನೋವು ಕೊಡುವುದು ಯಾವ ದೇಶಭಕ್ತಿ?

ಸಿಟ್ಟಿಗೆ ತಿಂಡಿಯ ಹೆಸರು ಬದಲಿಸುವ ಇದೇ ದಾರಿಯನ್ನು ಅಮೆರಿಕದವರೂ ಹಿಡಿದಿದ್ದರು. ಮೊದಲನೇ ಮಹಾಯುದ್ಧದಲ್ಲಿ ಜರ್ಮನರ ಮೇಲಿನ ಸಿಟ್ಟಿಗೆ ಹುಳಿ ಬರಿಸಿದ ಎಲೆಕೋಸು ‘ಲಿಬರ್ಟಿ ಕ್ಯಾಬೇಜ್’ ಆಯಿತು. 2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲವೆಂದು ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ‘ಫ್ರೀಡಂ ಫ್ರೈಸ್’ ಆಯಿತು. ಮೂರು ವರ್ಷ ಕಳೆದು 2006ರಲ್ಲಿ ಹಳೆಯ ಹೆಸರೇ ಮೆನುವಿಗೆ ಮರಳಿತು. ಜೈಪುರದವರು ಅಷ್ಟು ಕಾಲ ಕಾಯುವುದು ಬೇಡ. ನಮ್ಮೂರಿನ ಅಂಗಡಿಯವರು, ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ, ಈಗಿರುವ ಹೆಸರಿನ ಚೀಟಿಯನ್ನು ಬದಲಿಸದಿರಲಿ.